ಸಿಡಿಲಮಲ್ಲನಾದ ನಾನೂ ಒಂದು ಮೂಟೆ ಬಿತ್ತನೆ ಕಾಯಿಯೂ

"ಇವತ್ತೊಂದಿನ ನಾನೇ ಸಿಡಿಲಮಲ್ಲ! ನೀವಿಬ್ರೂ ಗುಬ್ಬಿಗಳು! ದೀಪ ಹಚ್ಚೋದ್ರೊಳಗೆ ಈ ಮೂಟೆ ಸುಲಿದು ಮುಗೀದಿದ್ರೆ ನನ್ನ ಹೆಸ್ರು ಶಿವಲಕ್ಷ್ಮಮ್ಮನೇ ಅಲ್ಲ!"

ಕಲ್ಯಾಣದುರ್ಗದ ನನ್ನ ತವರುಮನೆಯ ಪಡಸಾಲೆಯಲ್ಲಿ, ಯಜಮಾನರ ಜರಿಯಂಚಿನ ಅಂಗವಸ್ತ್ರವನ್ನು ಬೆನ್ನ ಮೇಲೆ ಇಳಿಬಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಾನು ಈ ಘೋಷಣೆ ಮಾಡಿದಾಗ ಭಾನುವಾರ ಬೆಳಿಗ್ಗೆ ಏಳು ಗಂಟೆ. ಮರುದಿನ ಮಧ್ಯಾಹ್ನಕ್ಕೆಲ್ಲ ನನ್ನ ಹೆಸರು ನಿಜವಾಗಿಯೂ ಬದಲಾಗಿತ್ತು. ಅದು ಹೇಗೆಂದು ನಾನೇ ಒಪ್ಪಿಸಿಬಿಡುತ್ತೇನೆ. ಬೇರೆಯವರು ಹೇಳಿದರೆ ಇನ್ನೂ ನಾಲ್ಕು ಸೇರಿಸುತ್ತಾರೆ.

ಸಿಡಿಲಮಲ್ಲ ಚಿತ್ರಕಥೆಯ ವೀರ. ಹಗಲು ಹೊತ್ತು ಮೆತ್ತಗಿನ ಸಾಹುಕಾರ. ಊರಿಗೆ ಕೇಡಿಗಳು ಬಂದರೋ, ಮುಖಕ್ಕೆ ಕಪ್ಪು ಪಟ್ಟಿ, ಬೆನ್ನಿಗೆ ನೀಲಿ ಹೊದಿಕೆ, ಮಾಳಿಗೆಯಿಂದ ಮಾಳಿಗೆಗೆ ನೆಗೆತ! ಗುಬ್ಬಿ ಅವನ ಬಂಟ. ಹಗ್ಗ ಹಿಡಿಯುವವನು, ದೀಪ ಹಿಡಿಯುವವನು, ಒಡೆಯನಿಗೆ ಗಾಯವಾದರೆ ಪಟ್ಟಿ ಕಟ್ಟುವವನು. ಇದರ ಮೂಲ ಇಂಗ್ಲಿಷಂತೆ. ಬೆಂಗಳೂರಿನವರು ಕನ್ನಡಕ್ಕೆ ತಂದರು, ಮದರಾಸಿನವರು ತೆಲುಗಿಗೆ ತಂದರು, ಇಬ್ಬರೂ ಸೇರಿ ನನ್ನ ಸಂಸಾರಕ್ಕೆ ತಂದರು!

ನನ್ನ ಯಜಮಾನರು ನರಸಿಂಹಯ್ಯನವರು ಹಿಂದೂಪುರದಲ್ಲಿ ಲೆಕ್ಕದ ಮೇಷ್ಟ್ರು. ಅವರದು ಕನ್ನಡದ ಸಿಡಿಲಮಲ್ಲ. ಪ್ರತಿ ಗುರುವಾರ ಬೆಂಗಳೂರಿನ ರೈಲು ಬರುವ ಹೊತ್ತಿಗೆ ಸರಿಯಾಗಿ ಅವರಿಗೆ ಸ್ಟೇಷನ್ನಿನ ಕಡೆ ಒಳ್ಳೆಯ ಬದನೆಕಾಯಿ ಸಿಗುತ್ತದೆಂದು ನೆನಪಾಗುತ್ತಿತ್ತು. ಬರುವಾಗ ಚೀಲದಲ್ಲಿ ಪತ್ರಿಕೆ ಇರುತ್ತಿತ್ತು, ಬದನೆಕಾಯಿ ಇರುತ್ತಿರಲಿಲ್ಲ. ಇನ್ನು ಕಲ್ಯಾಣದುರ್ಗದಲ್ಲಿ ಹೊಲ ನೋಡಿಕೊಂಡಿರುವ ನನ್ನ ತಮ್ಮ ಕದಿರಣ್ಣನದು ತೆಲುಗಿನ ಸಿಡಿಲಮಲ್ಲ, ಅನಂತಪುರದ ಬಸ್ಸಿನಲ್ಲಿ ಬರುವವನು. ಅಲ್ಲಿ ಅವನ ಹೆಸರು 'ಪಿಡುಗುವೀರುಡು'. ತೆಲುಗಿನಲ್ಲಿ ಪಿಡುಗು ಎಂದರೆ ಸಿಡಿಲು. ಕನ್ನಡದಲ್ಲಿ ಪಿಡುಗು ಎಂದರೆ ಏನೆಂದು ನಿಮಗೇ ಗೊತ್ತು. ನಮ್ಮ ಮನೆಯ ಮಟ್ಟಿಗೆ ಎರಡು ಅರ್ಥವೂ ಸಲ್ಲುತ್ತಿತ್ತು.

ಬೇಸಿಗೆ ರಜೆಗೆ ನಾವು ಹಿಂದೂಪುರದಿಂದ ಬಂದಿಳಿದ ಗಳಿಗೆಯಿಂದ ಬಾವ ಬಾಮೈದ ಇಬ್ಬರೂ ಜಗಲಿ ಬಿಟ್ಟು ಎದ್ದಿರಲಿಲ್ಲ.

"ನಮ್ಮ ಸಿಡಿಲಮಲ್ಲ ಹೊಡೆಯೋಕೆ ಮುಂಚೆ ಯೋಚನೆ ಮಾಡ್ತಾನಯ್ಯಾ. ಗಲ್ಲಕ್ಕೆ ಕೈಯಿಟ್ಟು ಒಂದು ಪುಟ ಪೂರ್ತಿ ಯೋಚನೆ ಮಾಡ್ತಾನೆ. ಯುಕ್ತಿ ಅಂದ್ರೆ ಅದು!"

"ಅಬ್ಬಾ ಬಾವಾ, ಮೀ ವಾಡು ಒಟ್ಟಿ ಪಂತುಲು! ಬರೀ ಮೇಷ್ಟ್ರು ಕಣಪ್ಪ ಅವ್ನು! ನಮ್ಮೋನು ಮೊದಲ್ನೇ ಪುಟದಲ್ಲೇ ಗೋಡೆ ಒಡ್ಕೊಂಡು ಬಂದ್ಬುಡ್ತಾನೆ."

"ಗೋಡೆ ಪಕ್ಕ ಬಾಗಿಲಿರುತ್ತಲ್ಲಯ್ಯಾ!"

"ಬಾಗ್ಲಲ್ಲಿ ಬರಾಕೆ ಅವ್ನೇನು ನೆಂಟನಾ?"

ಕನ್ನಡದಲ್ಲಿ ಗುಬ್ಬಿ ಅನಾಥ ಶಿಷ್ಯ, ಒಡೆಯನನ್ನು 'ಒಡೆಯಾ' ಎನ್ನುತ್ತಾನೆ. ತೆಲುಗಿನ ಪುಣ್ಯಾತ್ಮ ಗುಬ್ಬಿಯನ್ನು ವೀರನ ಬಾಮೈದನನ್ನಾಗಿ ಮಾಡಿ 'ಬಾವಾ' ಎನ್ನಿಸಿದ್ದ. "ಬಾಮೈದ ಅಂದ್ಮೇಲೆ ಗುಬ್ಬಿಗೂ ಒಂದು ಮರ್ಯಾದೆ ಐತೆ" ಎಂದು ನನ್ನ ತಮ್ಮ. "ಬಾಮೈದ ಅಂದ್ಮೇಲೆ ಇನ್ನೆಲ್ಲಿ ಕೆಲಸ ಮಾಡ್ತಾನೆ?" ಎಂದು ನನ್ನ ಯಜಮಾನರು. ಈ ಮಹಾಯುದ್ಧಕ್ಕೆ ಎರಡು ಗಂಟೆಗೊಮ್ಮೆ ಕಾಫಿಯ ಸರಬರಾಜು ನಮ್ಮದು. ತವರಿಗೆ ಹೋದರೆ ವಿಶ್ರಾಂತಿ ಎನ್ನುತ್ತಾರಲ್ಲ, ಹೌದು, ಯಜಮಾನರಿಗೆ ವಿಶ್ರಾಂತಿ. ನನಗೆ ಬೇರೆ ಊರಿನ ಒಲೆ!

ಪತ್ರಿಕೆಯನ್ನು ನಾನೂ ಓದುತ್ತಿದ್ದೆ. ಆದರೆ ಅನ್ನ ಕುದಿಯುವ ಹೊತ್ತಿನಲ್ಲಿ, ನಿಂತುಕೊಂಡು, ಒಂದು ಕೈಯಲ್ಲಿ ಸೌಟು ಹಿಡಿದು. ಹಾಗೆ ಓದುವವಳಿಗೆ ವೀರನ ಯುಕ್ತಿ ಕಾಣುವುದಿಲ್ಲ. ಬೇರೆ ಏನೇನೋ ಕಾಣುತ್ತದೆ. ಕೆಸರು ಗುಂಡಿಗೆ ಬಿದ್ದೆದ್ದ ಆ ನೀಲಿ ಹೊದಿಕೆ ಮುಂದಿನ ಪುಟದಲ್ಲಿ ಗರಿಗರಿಯಾಗಿರುತ್ತದಲ್ಲ, ನಡುವೆ ಒಗೆದವರು ಯಾರು? ಆ ನೂರು ಮಾರು ಹಗ್ಗವನ್ನು ಸಿಕ್ಕಾಗದ ಹಾಗೆ ಸುತ್ತಿಟ್ಟವರು ಯಾರು? ನನಗೆ ಹಿಡಿಸಿದ್ದು ಒಂದೇ ಸಂಚಿಕೆ. ಅದರಲ್ಲಿ ವೀರ ಚಳಿಜ್ವರದಲ್ಲಿ ಮಲಗಿರುತ್ತಾನೆ. ಗುಬ್ಬಿಯೇ ಹೋಗಿ ಕಳ್ಳರನ್ನು ಹಿಡಿದು ತರುತ್ತಾನೆ. ಕೊನೆಯ ಚಿತ್ರದಲ್ಲಿ ಊರವರು ಹಾರ ಹಾಕುವುದು ಮಾತ್ರ ಹಾಸಿಗೆಯಲ್ಲಿದ್ದವನಿಗೆ!

ಒಂದು ದಿನ ಮನೆಯ ಕೆಲಸದ ಆದೆಮ್ಮ ಕಸ ಗುಡಿಸುತ್ತಾ ಜಗಲಿಯ ಮೇಲಿದ್ದ ಪತ್ರಿಕೆ ಎತ್ತಿಕೊಂಡು ಒಂದೊಂದೇ ಪುಟ ತಿರುವಿದಳು. ನನ್ನನ್ನು ಎತ್ತಿ ಆಡಿಸಿದವಳು ಅವಳು. ನನಗೆ ಮೂವತ್ತಾರು ತುಂಬಿದ್ದರೂ ಅವಳ ಬಾಯಲ್ಲಿ ನಾನಿನ್ನೂ 'ಪಾಪ'ವೇ, ಅಂದರೆ ಮಗುವೇ. ಯಜಮಾನರು ನಕ್ಕರು.

"ಅಕ್ಷರ ಬರದೆ ಕಥೆ ಹೆಂಗೆ ತಿಳಿಯುತ್ತೆ ಆದೆಮ್ಮ?"

"ಬೊಂಬೆ ನೋಡಾಕೆ ಅಕ್ಸರ ಯಾಕ್ ಸ್ವಾಮಿ?" ಎಂದು ಪತ್ರಿಕೆ ಇಟ್ಟು ಕಸ ಗುಡಿಸಿಕೊಂಡು ಹೋದಳು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಕೂಡ.

ಇಷ್ಟರಲ್ಲಿ ಶುಕ್ರವಾರ ಸಂಜೆ ಮಳೆ ಬಂತು. ಒಳ್ಳೆಯ ಹದ ಮಳೆ! ಈರಲಿಂಗಪ್ಪನ ಎತ್ತು, ಕೂರಿಗೆ ಸರತಿಯ ಮೇಲೆ ಊರಿನ ಹೊಲಗಳಿಗೆಲ್ಲ ಹೋಗುತ್ತವೆ. ಮೊದಲ ಸರತಿ ನಮ್ಮದು, ಸೋಮವಾರ ಬೆಳಿಗ್ಗೆ. ಬಿತ್ತಬೇಕಾದ್ದು ಕಡಲೆಕಾಯಿ. ಬಿತ್ತನೆ ಕಾಯಿಯನ್ನು ಕೈಯಲ್ಲೇ ಸುಲಿಯಬೇಕು. ಬಡಿದರೆ ಬೀಜ ಹೋಳಾಗುತ್ತದೆ, ನೆನೆಸಿದರೆ ಕೆಟ್ಟೇ ಹೋಗುತ್ತದೆ. ಹೆಬ್ಬೆರಳಿಂದ ಒತ್ತಿ, ಚಟ್ಟೆನ್ನಿಸಿ, ಕೆಂಪು ಸಿಪ್ಪೆ ತರಚದ ಹಾಗೆ ಬಿಡಿಸಬೇಕು. ಹದಿನೈದು ದಿನದಿಂದ ನಾನು, ಕದಿರಣ್ಣನ ಹೆಂಡತಿ ಸಣ್ಣಕ್ಕ, ಆದೆಮ್ಮ ಮೂವರೂ ಸುಲಿದಿದ್ದೆವು. ಇನ್ನೊಂದು ಮೂಟೆ ಉಳಿದಿತ್ತು. ಮೂರು ತಿಂಗಳ ಕೂಸಿನ ತಾಯಿ ಸಣ್ಣಕ್ಕನ ಹೆಬ್ಬೆರಳು ಬೊಕ್ಕೆ ಎದ್ದು, ಕೂಸಿನ ಲಂಗೋಟಿ ಕಟ್ಟಲೂ ಆಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಮೂಟೆಯ ಮುಂದೆ ಕೂತಳು. ಜಗಲಿಯಿಂದ "ಕಾಫಿ!" ಎಂದು ಕೂಗು ಬಂತು. ನನಗೆ ರೇಗಿತು. ಅಂಗವಸ್ತ್ರ ಬೆನ್ನಿಗೇರಿತು. ಮೇಲೆ ಹೇಳಿದ ಘೋಷಣೆ ಹೊರಬಿತ್ತು.

"ಅಕ್ಕಯ್ಯಾ, ನಾವು ಸುಲಿಯಾದಾ?" ಎಂದ ಕದಿರಣ್ಣ.

"ಸುಲಿಯೋದು, ಅಡಿಗೆ ಮಾಡೋದು, ಕರೆದ್ರೆ ಓಗೊಡೋದು. ಸಣ್ಣಕ್ಕ ಇವತ್ತು ಮಲಗ್ತಾಳೆ. ವೀರರ ಕೆಲ್ಸ ಎಲ್ಲ ನಂದು."

"ವೀರರ ಕೆಲಸ ಅಂದ್ರೆ?" ಎಂದರು ಯಜಮಾನರು.

"ನೀವು ಮಾಡ್ತಿದ್ದದ್ದು! ಒಂದು ಸಲ ಬೀದಿಗೆ ಹೋಗಿ ಬರೋದು, ಆಮೇಲೆ ಜಗಲಿ ಮೇಲೆ ಕೂತು ಓದೋದು."

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡರು. ಒಂದು ಮೂಟೆ ಕಾಯಿ ಸುಲಿಯುವುದು ಯಾವ ಮಹಾ ಎಂಬ ಧೈರ್ಯ ಅವರಿಗೆ. "ಸರಿ ಒಡೆಯಾ!" "ಸರೇ ಬಾವಾ!" ಎಂದು ಇಬ್ಬರೂ ತಮ್ಮ ತಮ್ಮ ಭಾಷೆಯ ಗುಬ್ಬಿಯಂತೆ ತಲೆಬಾಗಿದರು. ಆದರೆ ಒಂದು ಲೋಟ ಕಾಫಿ ಕುಡಿದೇ ಕೆಲಸಕ್ಕೆ ಕೂರುವುದೆಂದು ಒಪ್ಪಂದವಾಯಿತು.

"ನಾನೇನ್ ಮಾಡ್ಲಿ ಪಾಪ?" ಎಂದು ಬಾಗಿಲ ಹತ್ತಿರದಿಂದ ಆದೆಮ್ಮ ಕೇಳಿದಳು.

"ನೀನಾ? ನೀನು ಹೆಂಗೂ ಇದೀಯಲ್ಲ!" ಎಂದು ನಾನು ಹೊದಿಕೆ ಹಾರಿಸಿಕೊಂಡು ಬೀದಿಗಿಳಿದೆ.

ಈರಲಿಂಗಪ್ಪ ಕೂರಿಗೆಗೆ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ತಾಯಿ, ಹಿಂದೂಪುರದಾಗೆ ಈಗ ಹೆಂಗುಸ್ರು ಅಂಗವಸ್ತ್ರ ಹಾಕ್ತಾರಾ?"

"ಇವತ್ತು ನಾನು ಮನೆ ಯಜಮಾನ ಕಣಪ್ಪ. ನಾಳೆ ಬೆಳಕು ಹರಿಯೋಕೆ ಮುಂಚೆ ಎತ್ತು ಹೊಡ್ಕೊಂಡು ಬಾ. ಬೀಜ ತಯಾರಾಗಿರುತ್ತೆ. ಗಂಡಸ್ರು ಸುಲೀತಾವ್ರೆ!"

ಅವನ ಕೈಯಲ್ಲಿದ್ದ ಹಗ್ಗ ಸಡಿಲವಾಯಿತು. "ಗಂಡುಸ್ರಾ? ಹಂಗಾರೆ ನಾಳೆ ಬ್ಯಾರೇರ ಹೊಲಕ್ಕೆ ಹೋಯ್ತೀನಿ ಬುಡಮ್ಮ. ನಿಮ್ಮ ಸರತಿ ತಪ್ಪಿದ್ರೆ ಮುಂದಿಂದು ಎಂಟು ದಿನಕ್ಕೆ. ಅಷ್ಟೊತ್ತಿಗೆ ಹದ ಆರೋಗ್ತೈತೆ, ನನ್ನ ಬೈಬ್ಯಾಡಿ."

"ಬಾ ಅಂದ್ರೆ ಬಾ! ಬೀಜ ಇಲ್ದಿದ್ರೆ ನಾನೇ ಕೂರಿಗೆ ಎಳೀತೀನಿ!"

ಎಂಥ ಮಾತು! ಚಿತ್ರಕಥೆಯಲ್ಲಾಗಿದ್ದರೆ ಈ ಮಾತಿಗೆ ದಪ್ಪ ಅಕ್ಷರ ಬೀಳುತ್ತಿತ್ತು.

ಮನೆಗೆ ಬಂದು ಜಗಲಿಯ ಮೇಲೆ ಒರಗುದಿಂಬು ಹಾಕಿ, ಕಾಲು ಚಾಚಿ, ಪತ್ರಿಕೆ ಬಿಡಿಸಿದೆ. ಅಯ್ಯೋ, ಕೂತು ಓದುವುದು! ಒಲೆಯ ಕಡೆ ಕಣ್ಣಿಲ್ಲದೆ ಓದುವುದು! ಮದುವೆಯಾದ ಹದಿನಾರು ವರ್ಷದಲ್ಲಿ ಇದೇ ಮೊದಲು. "ನೀರು!" ಎಂದೆ. ಚೊಂಬು ಬಂತು. "ಎಲೆ ಅಡಿಕೆ!" ಎಂದೆ. ತಟ್ಟೆ ಬಂತು. ತಂದವರು ಯಾರೆಂದು ನೋಡಲಿಲ್ಲ; ಪತ್ರಿಕೆ ಅಡ್ಡ ಇತ್ತು. ಹಿಂದಿನ ಕೊಟ್ಟಿಗೆಯ ಕಡೆಯಿಂದ ಹೆಂಗಸರ ನಗು ಆಗಾಗ ಕೇಳುತ್ತಿತ್ತು. ಸಿಡಿಲಮಲ್ಲರಿಗೆ ಕೊಟ್ಟಿಗೆಯ ಕಡೆ ಕಿವಿ ಇರುವುದಿಲ್ಲ.

ಪಡಸಾಲೆಯಲ್ಲಿ ಮೊದಲ ಒಂದು ಗಂಟೆಯಲ್ಲಿ ಗುಬ್ಬಿಗಳಿಬ್ಬರೂ ಒಂದು ಪಾವು ಬೀಜ ಬಿಡಿಸಿದರು, ಅರ್ಧ ಪಾವು ತಿಂದರು. ಎರಡನೆಯ ಗಂಟೆಯಲ್ಲಿ ಬೆರಳು ನೋಯತೊಡಗಿ, ತೆಲುಗಿನ ಸಿಡಿಲಮಲ್ಲ ಮೈಮೇಲೆ ಬಂದ. ಕದಿರಣ್ಣ ಒನಕೆ ತಂದು ಮೂಟೆಯ ಮೇಲೆ ದಬದಬ ಬಡಿದ! ಸದ್ದಿಗೆ ನಾನು ಎದ್ದು ಓಡಿದೆ. ಮೇಲಿನ ಒಂದು ಮೊರದಷ್ಟು ಬೀಜ ಹೋಳು ಹೋಳು.

"ಇದನ್ನ ಬಿತ್ತಿದ್ರೆ ಏನ್ಲಾ ಬೆಳೆಯುತ್ತೆ? ಚಟ್ನಿ ಬೆಳೆಯುತ್ತೆ! ಹೋಗು, ನೀನು ಅಡಿಗೆ ಮಾಡು!"

ಅವನು ಒಲೆಯ ಮುಂದೆ ಹೋಗಿ ಹೊಗೆಯಲ್ಲಿ ಮಾಯವಾದ. ಯಜಮಾನರು ಒಬ್ಬರೇ ಉಳಿದರು. ಅವರು ಕನ್ನಡದ ಸಿಡಿಲಮಲ್ಲನ ಕಡೆಯವರಲ್ಲವೆ? ಗಲ್ಲಕ್ಕೆ ಕೈಯಿಟ್ಟು, ಒಂದು ಪುಟದಷ್ಟಲ್ಲ, ಒಂದು ಸಂಚಿಕೆಯಷ್ಟು ಯೋಚಿಸಿದರು. ಆಮೇಲೆ ಜಗಲಿಗೆ ಬಂದು ಏನೋ ಕೇಳಿದರು.

ನಾನು ಆಗ ಕಥೆಯ ತುಟ್ಟತುದಿಯಲ್ಲಿದ್ದೆ. ಹಗ್ಗ ಉರಿಯುತ್ತಿದೆ, ಕೆಳಗೆ ಮೊಸಳೆಗಳು, ಗುಬ್ಬಿಯ ಒಂದು ಕೈ ಜಾರಿದೆ!

"ಹೂಂ" ಎಂದೆ.

ಮೂರು ಗಂಟೆಗೆ ಸಣ್ಣಕ್ಕ ನಿದ್ದೆಯಿಂದೆದ್ದು ಪಡಸಾಲೆಗೆ ಬಂದಳು. ಆಮೇಲೆ ಕೇಳಿಸಿದ ಕಿರುಚಾಟಕ್ಕೆ ಅವಳ ಕೂಸು, ಎದುರು ಮನೆಯ ಕೂಸು, ಎರಡೂ ಎದ್ದು ಅತ್ತವು.

"ಯಾರಪ್ಪಾ ಇದು ಮೂಟೆಗೆ ನೀರು ಹೊಯ್ದಿರಾದು!"

ಮೂಟೆಯಿಂದ ನೀರು ತೊಟ್ಟಿಕ್ಕಿ ಪಡಸಾಲೆಯ ತುಂಬ ಹರಿದಿತ್ತು. ಪಕ್ಕದಲ್ಲಿ ಎರಡು ಖಾಲಿ ಕೊಡ. ಅವುಗಳ ಪಕ್ಕದಲ್ಲಿ ನನ್ನ ಯಜಮಾನರು, ಪ್ರಯೋಗ ಗೆದ್ದ ವಿಜ್ಞಾನಿಯ ಮುಖದಲ್ಲಿ.

"ಸಿಪ್ಪೆ ಮೆತ್ತಗಾದ್ರೆ ಬೇಗ ಬಿಡಿಸ್ಬೋದು, ಅದಕ್ಕೆ..."

"ಬಿತ್ತನೆ ಕಾಯಿ ಕಣ್ರೀ ಅದು! ಯಾರನ್ನ ಕೇಳಿ ನೆನೆಸಿದ್ರಿ?" ನಾನು ಗುಡುಗಿದೆ.

"ಒಡೆಯನ್ನ ಕೇಳಿದೆ. ಎರಡು ಕೊಡ ನೀರು ಹಾಕ್ಲಾ ಅಂತ ಕೇಳಿದೆ. ನೀನು ಹೂಂ ಅಂದೆ."

"ನಾನು ಓದ್ತಾ ಇದ್ದೆ! ಓದ್ತಾ ಇರೋರು ಹೂಂ ಅಂದ್ರೆ ಅದು ಹೂಂ ಅಂತ ಲೆಕ್ಕಾನಾ?"

ಯಜಮಾನರು ಹುಬ್ಬೇರಿಸಿದರು. ಅಕ್ಕಿ ಮುಗಿದಿದೆ, ಹೂಂ. ನನಗೆ ಜ್ವರ, ಹೂಂ. ಮಾಳಿಗೆ ಸೋರುತ್ತಿದೆ, ಹೂಂ. ಹದಿನಾರು ವರ್ಷ ಪತ್ರಿಕೆಯ ಹಿಂದಿನಿಂದ ಬಂದ ಆ ಹೂಂಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನಾನು ಜಗಳವಾಡಿದ್ದೇನೆ. ಜಗಲಿಯ ಮೇಲೆ ಅರ್ಧ ದಿನ ಕೂತಿದ್ದಕ್ಕೇ ನನ್ನ ಬಾಯಲ್ಲೂ ಅದೇ ಹೂಂ!

ಸಣ್ಣಕ್ಕ ಗೋಡೆಗೊರಗಿ ಕೂತುಬಿಟ್ಟಳು. "ಅತ್ತಿಗೇ, ನಾಳೆ ಈರಲಿಂಗಪ್ಪ ಬಂದ್ರೆ ಏನ್ ಬಿತ್ತಾದು? ಮೂಲೆ ಹೊಲ ಬೀಳು ಬಿಡಾದಾ? ನಾನೇ ಸುಲೀತಿದ್ದೆ, ಬೆರಳು ಹೋದ್ರೆ ಹೋಯ್ತಿತ್ತು..." ಎಂದು ಅವಳ ಕಣ್ಣಲ್ಲಿ ನೀರು. ಕದಿರಣ್ಣ ಮಸಿ ಬಳಿದ ಮುಖದಲ್ಲಿ, ಕೈಯಲ್ಲಿ ಸೌಟು ಹಿಡಿದು, ಸೀದ ಸಾರಿನ ವಾಸನೆಯೊಂದಿಗೆ ಬಂದು ನಿಂತ. ನಾನು ಬೆನ್ನಿನ ಅಂಗವಸ್ತ್ರ ಬಿಚ್ಚಿ ನೆಲ ಒರೆಸತೊಡಗಿದೆ. ಜರಿಯಂಚು ನೀರು ಹೀರುವುದಿಲ್ಲ ಎಂದೂ ಆಗಲೇ ತಿಳಿಯಿತು.

ಆ ಹೊತ್ತಿಗೆ ಹಿತ್ತಲ ಬಾಗಿಲಿಂದ ಆದೆಮ್ಮ ಬಂದಳು. ಸೊಂಟದ ಮೇಲೆ ಮೊರ. ಮೊರದ ತುಂಬ ಕೆಂಪಗೆ, ಒಂದೂ ತರಚದ ಬೀಜ.

"ಯಾಕ್ ಪಾಪ, ಎಲ್ರೂ ಹಿಂಗೆ ನಿಂತವ್ರೆ?"

"ಬಿತ್ತನೆ ಕಾಯಿಗೆ ನೀರು ಬಿತ್ತು ಆದೆಮ್ಮ!"

"ಬಿತ್ನೇದ್ಕಾ? ಅದು ಗಾಣಕ್ಕೆ ಅಂತ ಇಟ್ಟಿದ್ ಹಳೇ ಕಾಯಿ ಕಣಮ್ಮ. ಬಿತ್ನೇ ಮೂಟೆ ಕೊಟ್ಟಿಗೇಲೈತೆ. ಇನ್ನೆರಡು ಮೊರ ಸುಲಿದ್ರೆ ಆಗೋಯ್ತು."

ನಾನು ಒರೆಸುವುದು ಬಿಟ್ಟು ಎದ್ದೆ.

"ಮೂಟೆ ಯಾವಾಗ ಬದಲಾಯ್ತು?"

"ಗಂಡುಸ್ರು ಸುಲೀತಾರೆ ಅಂತ ನೀನು ಅಂದ್ಯಲ್ಲ, ಅವಾಗ್ಲೇ! ಇವ್ರು ಕಾಫಿ ಕುಡಿಯೋ ಹೊತ್ಗೆ ನಾನೂ ನಮ್ಮ ಪಕ್ಕದ್ಮನೆ ಚೌಡಕ್ಕನೂ ಉರುಳಿಸ್ಕೊಂಡು ಹೋದ್ವಿ. ಆಮೇಲೆ ನಮ್ಮ ಬೀದಿಯಿಂದ ಇನ್ನೂ ಮೂರು ಜನ ಬಂದ್ರು."

ಸಣ್ಣಕ್ಕ ಅಳು ನಿಲ್ಲಿಸಿ ನಗತೊಡಗಿದಳು. ಗಂಡಸರಿಬ್ಬರೂ ನಿಟ್ಟುಸಿರು ಬಿಟ್ಟರು. ಆದರೆ ನಾನು ಈ ಸೀಮೆಯ ಹೆಣ್ಣು. ನನಗೆ ಬೇರೊಂದು ಯೋಚನೆ ಹತ್ತಿತು. ಬಿತ್ತನೆಯ ಕಾಲದಲ್ಲಿ ಇಲ್ಲಿ ಯಾರೂ ಯಾರಿಗೂ ಸುಮ್ಮನೆ ಸುಲಿಯುವುದಿಲ್ಲ. ಮುಯ್ಯಿಗೆ ಸುಲಿಯುತ್ತಾರೆ. ಇವತ್ತು ನನ್ನ ಮನೆಗೆ ನೀನು, ನಾಳೆ ನಿನ್ನ ಮನೆಗೆ ನಾನು. ಆಳಿಗೆ ಆಳು, ದಿನಕ್ಕೆ ದಿನ.

"ಆದೆಮ್ಮ, ಆ ನಾಲ್ಕು ಜನರನ್ನ ಯಾರ ಹೆಸ್ರಲ್ಲಿ ಮುಯ್ಯಿಗೆ ಕರೆದೆ?"

"ನಿನ್ನೆಸ್ರಲ್ಲೇ ಪಾಪ! ಇವತ್ತು ಮನೆಗೆ ಒಡೆಯ ನೀನೇ ಅಲ್ವಾ? ನಾಳೆ ಚೌಡಕ್ಕನ ಮನೆ. ಅಲ್ಲಿಂದ ಒಂದೊಂದಿನ ಒಂದೊಂದು ಮನೆ."

"ನಾಲ್ಕು ದಿನ!"

"ನಾಕೇ ದಿನ."

"ಮತ್ತೆ ನಿಂದು?"

"ನಂದ್ಯಾಕೆ ಬುಡು," ಎಂದು ಆದೆಮ್ಮ ಮೊರ ಸರಿಮಾಡಿಕೊಂಡಳು. "ನಾನು ಹೆಂಗೂ ಇದೀನಲ್ಲ."

ಬೆಳಿಗ್ಗೆ ನಾನೇ ಎಸೆದಿದ್ದ ಮಾತು. ಸಂಜೆಯಾಗುವ ಮುಂಚೆಯೇ ಒಂದಿಷ್ಟೂ ಸವೆಯದೆ ನನ್ನ ಹತ್ತಿರವೇ ಬಂದು ಬಿತ್ತು. ಗುಬ್ಬಿಯ ಪರವಾಗಿ ಮನಸ್ಸಿನೊಳಗೇ ಹದಿನೈದು ದಿನ ವಕಾಲತ್ತು ಮಾಡಿದವಳು ನಾನು. ನನಗೂ ಒಬ್ಬ ಗುಬ್ಬಿ ಇದ್ದಾಳೆ, ಚೊಂಬು ತಂದಿಟ್ಟವಳು ಅವಳೇ ಎಂದು ತಲೆಯೆತ್ತಿ ನೋಡಿರಲಿಲ್ಲ.

"ಐದು ದಿನ ಸುಲೀತೀನಿ," ಎಂದೆ.

ಯಜಮಾನರು ಮುಂದೆ ಬಂದು, "ತಪ್ಪು ನನ್ನದೂ ಇದೆ. ನಾನೂ ಮುಯ್ಯಿಗೆ ಬರ್ತೀನಿ," ಎಂದರು. ಅಷ್ಟರಲ್ಲಿ ಹಿಂದಿನಿಂದ ಬಂದ ಚೌಡಕ್ಕ ಎರಡು ಕೈಯೆತ್ತಿ ಮುಗಿದಳು. "ಬ್ಯಾಡಿ ಮೇಷ್ಟ್ರೇ! ನಮ್ದೂ ಬಿತ್ನೇ ಕಾಯೇ!"

ಕೊನೆಗೆ ಗಂಡಸರ ಪಾಲಿಗೆ ಆ ಐದು ದಿನದ ಒಲೆ ಬಿತ್ತು. ನೆನೆದ ಮೂಟೆಯಷ್ಟನ್ನೂ ಉಪ್ಪು ಹಾಕಿ ಬೇಯಿಸುವ ಕೆಲಸವೂ ಬಿತ್ತು. ಸೋಮವಾರ ಬೆಳಿಗ್ಗೆ ಈರಲಿಂಗಪ್ಪ ಬಂದು, ಬೀಜ ಮುಟ್ಟಿ ನೋಡಿ, "ಗಂಡುಸ್ರು ಸುಲಿದಿದ್ದಾ?" ಎಂದು ನಾಲ್ಕು ಸಲ ಕೇಳಿದನಂತೆ. ನನ್ನ ತಮ್ಮ ನಾಲ್ಕು ಸಲವೂ ಎತ್ತಿನ ಕಡೆ ನೋಡಿದನಂತೆ.

ಆ ಹೊತ್ತಿಗೆ ನಾನು ಚೌಡಕ್ಕನ ಮನೆಯ ಅಂಗಳದಲ್ಲಿದ್ದೆ. ಮುಂದೆ ಕಾಯಿಯ ಗುಡ್ಡೆ, ಸುತ್ತ ಆರು ಹೆಂಗಸರು, ನಡುವೆ ಆದೆಮ್ಮ. ಅವಳ ತೊಡೆಯ ಮೇಲೆ ನಮ್ಮ ಯಜಮಾನರ ಪತ್ರಿಕೆ. ಕೈ ತನ್ನ ಪಾಡಿಗೆ ತಾನು ಸುಲಿಯುತ್ತಿತ್ತು, ಬಾಯಿ ಬೊಂಬೆ ನೋಡಿಕೊಂಡು ಕಥೆ ಹೇಳುತ್ತಿತ್ತು.

"ಈ ಉದ್ದುಕ್ಕೆ ಅವ್ನಲ್ಲ, ಇವ್ನು ಮನೆ ಅಳಿಯ. ಮಾಡಾಕೆ ಕೆಲ್ಸ ಇಲ್ಲ. ಅದ್ಕೇ ಮಾಳಿಗೆ ಮ್ಯಾಲೆ ಹತ್ತಿ ಹತ್ತಿ ನೆಗೀತಾನೆ. ಬಿದ್ಗಿದ್ದಾನು ಅಂತ ಈ ಹುಡುಗಿ ಹಗ್ಗ ಹಿಡ್ಕೊಂಡು ಹಿಂದಿಂದೆ ಓಡ್ತಾಳೆ ಪಾಪದ್ದು."

"ಅದು ಹುಡುಗ ಕಣೇ ಆದೆಮ್ಮ," ಎಂದೆ.

"ಹುಡುಗ್ನಾ?" ಆದೆಮ್ಮ ಪುಟವನ್ನು ಕಣ್ಣಿನ ಹತ್ತಿರ ಹಿಡಿದಳು. "ಹಗ್ಗ ಸುತ್ತಿಕ್ಕಾದು ಅವ್ಳು, ದೀಪ ಹಿಡಿಯಾದು ಅವ್ಳು, ಇವ್ನ ಗಾಯಕ್ಕೆ ಕಟ್ಟಾದು ಅವ್ಳು. ಹಾರ ಹಾಕೋ ಬೊಂಬೇಲಿ ಮಾತ್ರ ಅವ್ಳು ಕಾಣಾಕೇ ಇಲ್ಲ. ಇನ್ನೇನ್ ಹುಡುಗ್ನಾ?"

ಅಂಗಳ ನಗೆಯಲ್ಲಿ ಮುಳುಗಿತು. ಕನ್ನಡದ್ದು ಓದಿದ್ದೇನೆ, ತೆಲುಗಿನದು ಓದಿಸಿ ಕೇಳಿದ್ದೇನೆ. ಇಂಗ್ಲಿಷಿನದು ಹೇಗಿದೆಯೋ ಕಾಣೆ. ನನ್ನನ್ನು ಕೇಳಿದರೆ ಆದೆಮ್ಮನ ಸಿಡಿಲಮಲ್ಲನಿಗೆ ಸಮ ಬೇರೊಂದಿಲ್ಲ.

ಚೌಡಕ್ಕ ಕಣ್ಣೊರೆಸಿಕೊಂಡು ಕೇಳಿದಳು: "ಅಂಗವಸ್ತ್ರ ಹೊದ್ಕೊಂಡು ಜಗ್ಲಿ ಮ್ಯಾಲೆ ಕೂತ್ಕೊಂಡು 'ಹೂಂ' ಅಂದವ್ಳು ಈ ಕತೇಲಿ ಬತ್ತಾಳಾ ಆದೆಮ್ಮ?"

"ಬತ್ತಾಳೆ, ಬತ್ತಾಳೆ. ಇನ್ನೊಂದೆರಡು ಪುಟ ತಡಿ."

ನನ್ನ ಕೈ ನಿಂತುಹೋಯಿತು. ಆದೆಮ್ಮ ತಲೆಯೆತ್ತದೆ ಅಂದಳು:

"ಕೈ ಯಾಕ್ ನಿಂತೋಯ್ತು? ಸುಲಿ ಗುಬ್ಬಿ, ಸುಲಿ!"

"ಹೂಂ," ಎಂದೆ. ಈ ಸಲ ಕೇಳಿಸಿಕೊಂಡೇ ಅಂದೆ.